ಕಾಡು ಕಡಿದು ಸತ್ತ ತಾಯಿ: ಐರ್ಲೆಂಡಿನ ಟಾಲ್ಟಿಯು

(ಐರಿಶ್ ಪುರಾಣಗಳ ಕುರಿತು ನೀಡಿದ ಉಪನ್ಯಾಸದ ಬರಹ ರೂಪ)

ಸ್ನೇಹಿತರೆ, ಐರ್ಲೆಂಡಿನ ದೇವತೆಗಳ ಬಗ್ಗೆ ಮಾತು ಎಂದಾಗ ನಿಮ್ಮಲ್ಲಿ ಹಲವರು ಬ್ರಿಜಿಡ್, ಮಾರಿಗನ್ ಅಥವಾ ಡಾನು ಎಂಬ ಹೆಸರುಗಳನ್ನು ನಿರೀಕ್ಷಿಸಿ ಬಂದಿರುತ್ತೀರಿ. ಈ ಮೂವರ ಬಗ್ಗೆ ಬರೆದವರು, ಹಾಡಿದವರು, ಚಿತ್ರ ಬಿಡಿಸಿದವರು ಬೇಕಾದಷ್ಟು ಜನರಿದ್ದಾರೆ. ನಾನು ಇಂದು ಹೇಳಹೊರಟಿರುವುದು ಟಾಲ್ಟಿಯು ಎಂಬವಳ ಕಥೆ. ಅವಳ ಕೈಯಲ್ಲಿ ವೀಣೆಯಿಲ್ಲ, ಈಟಿಯಿಲ್ಲ, ಮಾಯೆಯ ಕೊಪ್ಪರಿಗೆಯಿಲ್ಲ. ಇರುವುದು ಒಂದು ಕೊಡಲಿ. ಆ ಕೊಡಲಿಯಿಂದ ಅವಳು ಒಂದು ಮಹಾರಣ್ಯವನ್ನು ಕಡಿದು ಬಯಲು ಮಾಡಿದಳು, ಆ ದುಡಿಮೆಯಲ್ಲೇ ಎದೆಯೊಡೆದು ಸತ್ತಳು. ಅವಳ ಸಾಕುಮಗ ಅವಳಿಗಾಗಿ ಏರ್ಪಡಿಸಿದ ಉತ್ತರಕ್ರಿಯೆಯ ಆಟಗಳು ಐರ್ಲೆಂಡಿನ ಅತಿ ದೊಡ್ಡ ಜಾತ್ರೆಯಾಗಿ ಶತಮಾನಗಳ ಕಾಲ ನಡೆದವು.

ಜಾತ್ರೆ ಉಳಿಯಿತು, ಆಟ ಉಳಿಯಿತು. ದುಡಿದು ಸತ್ತ ಹೆಂಗಸು ಮಾತ್ರ ಮರೆಗೆ ಸರಿದಳು. ಅದು ಹೇಗೆ ನಡೆಯಿತು ಎನ್ನುವುದನ್ನು ನಿಮ್ಮ ಮುಂದಿಡಬೇಕೆಂದೇ ಈ ವಿಷಯವನ್ನು ಆರಿಸಿಕೊಂಡೆ.

ಮೊದಲು ಕಥೆ. 11ನೆಯ ಶತಮಾನದಲ್ಲಿ ಸಂಕಲನಗೊಂಡ 'ಲೆಬೊರ್ ಗಬಾಲಾ' ಎಂಬ ಗ್ರಂಥವು ಐರ್ಲೆಂಡಿಗೆ ಒಂದರ ಹಿಂದೊಂದು ಜನಾಂಗ ಬಂದು ನೆಲೆಸಿದ್ದನ್ನು ಹೇಳುತ್ತದೆ. ಅವರಲ್ಲಿ ಫಿರ್ ಬೊಲ್ಗ್ ಎಂಬುವರು ಒಬ್ಬರು. ಅವರನ್ನು ಸೋಲಿಸಿ ನೆಲವನ್ನು ಕಸಿದುಕೊಂಡವರು ಟೂಹಾ ಡೇ ಡನನ್. ನಾವು ಇಂದು ಐರಿಶ್ ದೇವರುಗಳು ಎಂದು ಕರೆಯುವುದು ಇವರನ್ನೇ. ಫಿರ್ ಬೊಲ್ಗ್ ಜನರ ಕೊನೆಯ ಅರಸ ಯೊಖಿ ಮಾಕ್ ಎರ್ಕ್. ಅವನ ಆಳ್ವಿಕೆಯಲ್ಲಿ ನೆಲ ನೆನೆಯಲು ಇಬ್ಬನಿಯೇ ಸಾಕಾಗುತ್ತಿತ್ತು, ಫಸಲು ಕೈಕೊಟ್ಟ ವರ್ಷವೇ ಇರಲಿಲ್ಲ ಎಂದು ಗ್ರಂಥ ಹೊಗಳುತ್ತದೆ. ಅವನ ರಾಣಿ ಟಾಲ್ಟಿಯು. ಸ್ಪೇನಿನ ಅರಸ ಮಾಗ್‌ಮೋರನ ಮಗಳು ಎಂದು ಅವಳ ವಂಶವನ್ನು ಹೇಳಲಾಗಿದೆ. ಮಾಗ್ ತುರೆಡ್ ಎಂಬಲ್ಲಿ ನಡೆದ ಮೊದಲ ಯುದ್ಧದಲ್ಲಿ ಯೊಖಿ ಸತ್ತ. ಆ ಬಳಿಕ ಅವಳು ಗೆದ್ದವರ ಪೈಕಿ ಒಬ್ಬನಾದ ಯೊಖಿ ಗಾರ್ವ್ ಎಂಬವನ ಹೆಂಡತಿಯಾದಳು. ಸೋತ ನಾಡಿನ ರಾಣಿಯೊಬ್ಬಳ ಬಾಳು ಎತ್ತ ತಿರುಗಬಹುದೋ ಅತ್ತಲೇ ತಿರುಗಿತು.

ಇಲ್ಲಿಂದ ಮುಂದಿನದನ್ನು ವಿವರವಾಗಿ ಹೇಳುವುದು ಒಂದು ಪದ್ಯ. ಐರಿಶ್ ಭಾಷೆಯಲ್ಲಿ 'ದಿನ್‌ಹೆನಖಸ್' ಎಂಬ ಸಾಹಿತ್ಯ ಪ್ರಕಾರವಿದೆ. ಬೆಟ್ಟ, ಹೊಳೆ, ಬಯಲು, ಕೋಟೆ ಪ್ರತಿಯೊಂದಕ್ಕೂ ಆ ಹೆಸರು ಹೇಗೆ ಬಂತು ಎಂದು ಹೇಳುವ ಸ್ಥಳಪುರಾಣಗಳು ಅವು. ಟಾಲ್ಟಿಯು ಪದ್ಯವನ್ನು ಬರೆದವನು ಕೂವಾನ್ ಊವಾ ಲೊಥ್ಖಾನ್ ಎಂಬ ಆಸ್ಥಾನ ಕವಿ. 1024ರಲ್ಲಿ ಅವನ ಕೊಲೆಯಾಯಿತು. ಪದ್ಯ ಮೊದಲು ಕಾಡಿನ ಎಲ್ಲೆಗಳನ್ನು ಒಂದೊಂದಾಗಿ ಹೆಸರಿಸುತ್ತದೆ. ಕೆಂಗಂದು ಜಿಂಕೆಗಳು ಸೇರುತ್ತಿದ್ದ ದಿಬ್ಬ, ಬೇಟೆನಾಯಿಗಳು ಮಿಕವನ್ನು ಹಿಡಿಯುತ್ತಿದ್ದ ಬುಗ್ಗೆ, ಕಹಳೆ ಮೊದಲು ಮೊಳಗುತ್ತಿದ್ದ ಮೂಡಣ ಅಂಚು. ಕಾಡಿನ ಹೆಸರು ಕಲ್ ಖೂವಾನ್. ಟಾಲ್ಟಿಯು ಅದನ್ನು ಬೇರುಸಹಿತ ಕಿತ್ತಳು. ವರ್ಷ ತುಂಬುವುದರೊಳಗೆ ಅದು ತ್ರಿಪರ್ಣಿ ಹುಲ್ಲು ಹೂಬಿಟ್ಟ ಬಯಲಾಯಿತು.

ಮುಂದಿನ ಸಾಲುಗಳನ್ನು ಎಷ್ಟು ಸಲ ಓದಿದರೂ ನನ್ನ ಮನಸ್ಸು ಕಲಕುತ್ತದೆ. ರಾಜವಸ್ತ್ರದ ಕೆಳಗೆ ಅವಳ ಎದೆ ಶ್ರಮದಿಂದ ಒಡೆಯಿತು ಎನ್ನುತ್ತಾನೆ ಕವಿ. ಅವಳ ಮುಖ ಇದ್ದಿಲಿನಂತೆ ಕಪ್ಪಿಟ್ಟಿತ್ತು, ಕಾಡಿಗಾಗಿ, ಮರಮಟ್ಟಿಗಾಗಿ ಹಾಗಾಗುವುದು ಒಳ್ಳೆಯದಲ್ಲ ಎಂದೂ ಸೇರಿಸುತ್ತಾನೆ. ಆಸ್ಥಾನ ಕವಿಯೊಬ್ಬ ಬಯಲಿನ ವೈಭವವನ್ನು ಹೊಗಳಲು ಕುಳಿತವನು, ನಡುವೆ ಹೊಗಳಿಕೆಯನ್ನು ಬದಿಗಿಟ್ಟು, ಈ ಹೆಂಗಸು ತೆತ್ತ ಬೆಲೆ ಅತಿಯಾಯಿತು ಎನ್ನುತ್ತಿದ್ದಾನೆ. ನೆಲವನ್ನು ಹಸನು ಮಾಡಿದವರ ಮೈಗೆ ಏನಾಯಿತು ಎಂದು ಕೇಳುವ ಪುರಾಣಗಳು ನನ್ನ ಓದಿನಲ್ಲಿ ತೀರ ಕಡಿಮೆ.

ಅವಳು ಕೂಡಲೇ ಸಾಯುವುದಿಲ್ಲ. ಬಹುಕಾಲ ಹಾಸಿಗೆ ಹಿಡಿಯುತ್ತಾಳೆ. ಐರ್ಲೆಂಡಿನ ಗಂಡಸರು ಅವಳ ಕೊನೆಯ ಮಾತನ್ನು ಕೇಳಲು ಬರುತ್ತಾರೆ. ಪದ್ಯ ಆ ಗಂಡಸರನ್ನು ವರ್ಣಿಸುವ ಪರಿಯನ್ನು ಗಮನಿಸಿ: ಅವಳು ಯಾರ ಸೆರೆಯಲ್ಲಿದ್ದಳೋ ಆ ಜನ. ಅಂದರೆ ಕಾಡು ಕಡಿದದ್ದು ಸ್ವತಂತ್ರ ರಾಣಿಯಲ್ಲ, ಗೆದ್ದವರ ಅಧೀನದಲ್ಲಿದ್ದವಳು. ದುರ್ಬಲಳಾಗಿದ್ದಳು, ಆದರೆ ಮಾತು ನಿಂತಿರಲಿಲ್ಲ ಎಂದು ಕವಿ ಒತ್ತಿ ಹೇಳುತ್ತಾನೆ. ತನ್ನ ಸಮಾಧಿಯ ಸುತ್ತ ಶೋಕದ ಆಟಗಳನ್ನು ನಡೆಸಬೇಕು ಎಂದು ಅವಳು ಕೇಳಿದಳು. ಪ್ರತಿಯೊಬ್ಬ ಅರಸನೂ ತನ್ನನ್ನು ಮನ್ನಿಸುವವರೆಗೆ ಐರ್ಲೆಂಡಿನಲ್ಲಿ ಪರಿಪೂರ್ಣವಾದ ಹಾಡಿಗೆ ಕೊರತೆಯಾಗದು ಎಂದು ನುಡಿದಳು. ಆಗಸ್ಟ್ ತಿಂಗಳ ಆರಂಭದಲ್ಲಿ, ಒಂದು ಸೋಮವಾರ, ಪ್ರಾಣ ಬಿಟ್ಟಳು.

ಈಗ ಸಾಕುಮಗನ ವಿಚಾರಕ್ಕೆ ಬರುತ್ತೇನೆ. ಅವನು ಲೂಗ್, ಎಲ್ಲ ವಿದ್ಯೆಗಳಲ್ಲೂ ಪಳಗಿದ ದೇವರು, ಟೂಹಾ ಡೇ ಡನನ್ ಜನರ ಮಹಾವೀರ. ಅವನ ತಂದೆ ಕೀಯನ್ ಆ ಜನಾಂಗದವನು. ತಾಯಿ ಎಥ್ನೆ, ಆ ಜನಾಂಗದ ಕಡುವೈರಿಗಳಾದ ಫೊಮೋರಿಗಳ ದೊರೆ ಬಾಲೊರನ ಮಗಳು. ಕೀಯನ್ ಮಗುವನ್ನು ಟಾಲ್ಟಿಯುವಿನ ಮಡಿಲಿಗೆ ಹಾಕಿದ. ಹೀಗೆ ಒಬ್ಬ ಹುಡುಗನಲ್ಲಿ ಪರಸ್ಪರ ಕಾದಾಡಿದ ಮೂರು ಜನಾಂಗಗಳು ಸೇರಿದವು. ತಂದೆ ಗೆದ್ದವರವನು, ಹೆತ್ತ ತಾಯಿ ವೈರಿಗಳವಳು, ಸಾಕಿದ ತಾಯಿ ಸೋತವರವಳು.

ಸಾಕುತನವನ್ನು ನಾವು ಹಗುರವಾಗಿ ತೆಗೆದುಕೊಳ್ಳಬಾರದು. ಪ್ರಾಚೀನ ಐರ್ಲೆಂಡಿನಲ್ಲಿ ಅದು ಕಾನೂನಿನ ಕಟ್ಟಳೆಗಳಿದ್ದ ಸಂಸ್ಥೆ. ಸಿರಿವಂತರಾಗಲಿ ಸಾಮಾನ್ಯರಾಗಲಿ ಮಕ್ಕಳನ್ನು ಬೇರೆ ಮನೆಯಲ್ಲಿ ಬೆಳೆಸಲು ಕೊಡುತ್ತಿದ್ದರು. ಹುಡುಗಿಯರು 14, ಹುಡುಗರು 17 ವರ್ಷವಾಗುವವರೆಗೆ ಅಲ್ಲಿರುತ್ತಿದ್ದರು. ಮಗುವಿನ ಅಂತಸ್ತಿಗೆ ತಕ್ಕಂತೆ ಶುಲ್ಕ, ಊಟ, ಉಡುಪು, ಕಲಿಸಬೇಕಾದ ವಿದ್ಯೆ ಎಲ್ಲವೂ ನಿಗದಿಯಾಗಿತ್ತು. ಬೆಳೆದ ಮಗು ಸಾಕಿದವರನ್ನು ಮುಪ್ಪಿನಲ್ಲಿ ನೋಡಿಕೊಳ್ಳಲೇಬೇಕಿತ್ತು. ಟಾಲ್ಟಿಯು ಮುಪ್ಪಿನವರೆಗೆ ಬದುಕಲಿಲ್ಲ. ಲೂಗ್ ತನ್ನ ಋಣವನ್ನು ವರ್ಷವರ್ಷವೂ ಅವಳ ಸಮಾಧಿಯ ಬಳಿ ತೀರಿಸಿದ. ಆ ದಿನಕ್ಕೆ ಎರಡು ವಾರ ಮೊದಲಿನಿಂದ ಎರಡು ವಾರ ಅನಂತರದವರೆಗೆ ಆಟಗಳು ನಡೆಯುತ್ತಿದ್ದವು ಎನ್ನುತ್ತದೆ ಪರಂಪರೆ. ಸುಗ್ಗಿಯ ಆರಂಭದ ಈ ಹಬ್ಬಕ್ಕೆ ಲೂನಸಾ ಎಂದು ಹೆಸರಾಯಿತು.

ಮಾಗ್ ತುರೆಡ್‌ನ ಎರಡನೆಯ ಯುದ್ಧದ ಕಥೆಯಲ್ಲಿ ಬರುವ ಒಂದು ಪ್ರಸಂಗವನ್ನು ಇದರ ಪಕ್ಕಕ್ಕಿಟ್ಟು ನೋಡಬೇಕು. ಲೂಗ್ ಕವಣೆಕಲ್ಲಿನಿಂದ ತನ್ನ ತಾತ ಬಾಲೊರನ ಕೊಲ್ಲುವ ಕಣ್ಣನ್ನು ಒಡೆದು ಯುದ್ಧ ಗೆಲ್ಲುತ್ತಾನೆ. ಆಮೇಲೆ ಫೊಮೋರಿಗಳ ಪರ ಕಾದಿ ಸೋತು ಸೆರೆಸಿಕ್ಕ ಬ್ರೆಸ್ ಪ್ರಾಣಭಿಕ್ಷೆ ಬೇಡುತ್ತಾನೆ. ಹಸುಗಳು ಸದಾ ಹಾಲು ಕೊಡುವಂತೆ ಮಾಡುತ್ತೇನೆ ಎನ್ನುತ್ತಾನೆ, ಒಪ್ಪಿಗೆಯಾಗುವುದಿಲ್ಲ. ಪ್ರತಿ ಋತುವಿಗೂ ಒಂದು ಸುಗ್ಗಿ ಎನ್ನುತ್ತಾನೆ, ಅದಕ್ಕೂ ಇಲ್ಲ. ಉಳುವುದು ಹೇಗೆ, ಬಿತ್ತುವುದು ಹೇಗೆ, ಕೊಯ್ಯುವುದು ಹೇಗೆ ಎಂಬುದನ್ನು ತಿಳಿಸಿದರೆ ಬದುಕಿಸುತ್ತೇನೆ ಎನ್ನುತ್ತಾನೆ ಲೂಗ್. ಮಂಗಳವಾರ ಉಳು, ಮಂಗಳವಾರ ಬಿತ್ತು, ಮಂಗಳವಾರ ಕೊಯ್ಯಿ ಎಂಬ ಉತ್ತರ ಪಡೆದು ಬ್ರೆಸ್‌ನನ್ನು ಬಿಟ್ಟುಬಿಡುತ್ತಾನೆ. ಲೋಹದ ಕೆಲಸ, ವೈದ್ಯ, ಸಂಗೀತ, ಮಂತ್ರ ಎಲ್ಲವೂ ಬಲ್ಲ ಈ ದೇವರುಗಳಿಗೆ ಬೇಸಾಯವೊಂದು ಬಾರದು. ಅದು ಸೋತವರಿಂದ ಬರಬೇಕು. ಟಾಲ್ಟಿಯು ಕಥೆಯ ಒಳತಿರುಳೂ ಇದೇ ಎಂದು ನನಗೆ ಅನ್ನಿಸುತ್ತದೆ. ಗೆದ್ದವರ ದನ ಮೇದ ಬಯಲು, ಗೆದ್ದವರ ಅರಸರು ಜಾತ್ರೆ ನಡೆಸಿದ ಬಯಲು, ಸೋತ ಜನಾಂಗದ ಹೆಂಗಸಿನ ತೋಳಬಲದಿಂದ ಆದದ್ದು. ಗೆದ್ದವರ ಕವಿಗಳೇ ಇದನ್ನು ಒಪ್ಪಿ ಬರೆದಿಟ್ಟಿದ್ದಾರೆ.

ಐರ್ಲೆಂಡಿನಲ್ಲಿ ಬೇರೆ ಬಗೆಯ ಮಾತೃದೇವತೆಯೂ ಇದ್ದಾಳೆ. ಕೆರ್ರಿ ಸೀಮೆಯಲ್ಲಿ ಅಕ್ಕಪಕ್ಕ ನಿಂತ ಎರಡು ದುಂಡು ಬೆಟ್ಟಗಳನ್ನು ಅನು ದೇವಿಯ ಸ್ತನಗಳು ಎಂದು ಕರೆಯುತ್ತಾರೆ. ಎರಡರ ನೆತ್ತಿಯ ಮೇಲೂ ಪ್ರಾಚೀನ ಕಲ್ಲುಗುಪ್ಪೆಗಳಿವೆ. ಸುಮಾರು ಕ್ರಿ.ಶ. 900ರ ಕೋರ್ಮಕ್‌ನ ನಿಘಂಟು ಅನುವನ್ನು ಐರಿಶ್ ದೇವರುಗಳ ತಾಯಿ ಎಂದೇ ಕರೆಯುತ್ತದೆ. ಅನು ನೆಲವೇ ಆಗಿರುವ ತಾಯಿ. ಟಾಲ್ಟಿಯು ಹಾಗಲ್ಲ. ಅವಳು ನೆಲದ ಮೇಲೆ ಬಾಗಿ ದುಡಿಯುವವಳು. ಪದ್ಯದಲ್ಲಿ ಅವಳ ಹೆರಿಗೆಯ ಪ್ರಸ್ತಾಪವಿಲ್ಲ, ಅವಳ ತಾಯ್ತನವೆಲ್ಲ ಕಾಡು ಕಡಿಯುವುದರಲ್ಲಿ, ಬೇರೆಯವರ ಮಗುವನ್ನು ಬೆಳೆಸುವುದರಲ್ಲಿ ಇದೆ.

ಅವಳ ಜೊತೆ ನಿಲ್ಲಿಸಬೇಕಾದವರು ಬೇರೆಯೇ ಇದ್ದಾರೆ. ತುಂಬು ಗರ್ಭಿಣಿ ಮಾಖಾಳನ್ನು ಅರಸನ ಕುದುರೆಗಳೊಂದಿಗೆ ಓಡುವಂತೆ ಬಲವಂತಪಡಿಸಿದರು. ಗೆದ್ದಳು, ಓಟದ ಕೊನೆಯಲ್ಲಿ ಅವಳಿಜವಳಿ ಹೆತ್ತಳು, ಅಲ್‌ಸ್ಟರಿನ ಗಂಡಸರಿಗೆ ಹೆರಿಗೆ ನೋವಿನ ಶಾಪ ಕೊಟ್ಟಳು. ಮೀದ್ ಸೀಮೆಯ ಅಥ್‌ಬಾಯ್ ಬಳಿಯ ಗುಡ್ಡವೊಂದು ತ್ಲಾಖ್ಗಾಳದು; ಅತ್ಯಾಚಾರಕ್ಕೊಳಗಾಗಿ ಮೂರು ಮಕ್ಕಳನ್ನು ಹೆತ್ತು ಅಲ್ಲೇ ಸತ್ತಳು. ಲೆನ್‌ಸ್ಟರಿನಲ್ಲಿ ಒತ್ತೆಯಾಳಾಗಿ ಕೊರಗಿ ಸತ್ತ ಕಾರ್ಮನ್ ಹೆಸರಲ್ಲಿ ದೊಡ್ಡ ಜಾತ್ರೆಯಿತ್ತು. ಎಲ್ಲ ಕಡೆ ಒಂದೇ ಎಳೆ: ಹೆಂಗಸೊಬ್ಬಳು ನೋವಿನಲ್ಲಿ ಸಾಯುತ್ತಾಳೆ, ಅವಳ ಹೆಸರಿನ ಜಾಗದಲ್ಲಿ ಅರಸರು ಸಭೆ ಸೇರುತ್ತಾರೆ. ಆದರೆ ದುಡಿಮೆಯಿಂದಲೇ ಸತ್ತವಳು ಇವರಲ್ಲಿ ಟಾಲ್ಟಿಯು ಒಬ್ಬಳೇ.

ಕಾಡು ಕಡಿದದ್ದು ಬರಿಯ ಕಲ್ಪನೆಯೇ ಎಂಬ ಪ್ರಶ್ನೆ ಏಳುತ್ತದೆ. ಐರ್ಲೆಂಡಿನ ಜೌಗುಗಳಲ್ಲಿ, ಕೆರೆಗಳ ಹೂಳಿನಲ್ಲಿ ಸಾವಿರಾರು ವರ್ಷಗಳ ಪರಾಗ ಪದರಪದರವಾಗಿ ಉಳಿದಿದೆ. ಅದನ್ನು ಓದಿದವರು ಹೇಳುವಂತೆ, ಸುಮಾರು 6,000 ವರ್ಷಗಳ ಹಿಂದೆ ಮೊದಲ ಬೇಸಾಯಗಾರರು ಕಾಡು ಸವರಲು ತೊಡಗಿದರು. ಕ್ರಿಸ್ತಶಕದ ಆರಂಭದ ಆಚೀಚೆ ಕೆಲವು ಶತಮಾನ ಬೇಸಾಯ ಕುಗ್ಗಿ ಹಲವೆಡೆ ಕಾಡು ಮತ್ತೆ ಬೆಳೆಯಿತು. ಆಮೇಲೆ ಪುನಃ ಕಡಿತ ಜೋರಾಯಿತು. ಟಾಲ್ಟಿಯು ಇಂಥದೇ ಒಂದು ಘಟನೆಯ ನೆನಪು ಎಂದು ಬೊಟ್ಟು ಮಾಡಿ ತೋರಿಸುವುದು ದುಡುಕು. ಆದರೆ ಮೀದ್‌ನ ಫಲವತ್ತಾದ ಹುಲ್ಲುಗಾವಲಿನ ಮೇಲೆ ನಿಂತವರಿಗೆ ಇದು ಹಿಂದೆ ಕಾಡಾಗಿತ್ತು, ಯಾರೋ ಕೈಯಾರೆ ಕಡಿದರು ಎಂಬ ಅರಿವು ಇತ್ತು. ಅಷ್ಟನ್ನು ಪದ್ಯದಿಂದಲೇ ಹೇಳಬಹುದು.

ಇನ್ನು ಜಾತ್ರೆಯ ಇತಿಹಾಸ. ಸ್ಥಳ ಇಂದಿನ ಟೆಲ್‌ಟೌನ್. ಮೀದ್ ಸೀಮೆಯಲ್ಲಿ, ನ್ಯಾವನ್ ಮತ್ತು ಕೆಲ್ಸ್ ಪಟ್ಟಣಗಳ ನಡುವೆ, ಬ್ಲ್ಯಾಕ್‌ವಾಟರ್ ನದಿಯ ದಂಡೆಯಲ್ಲಿದೆ. ಇಲ್ಲಿ ಆಟ ನಡೆಸುವ ಹಕ್ಕು ತಾರಾದ ಅರಸನದು, ಅಂದರೆ ಐರ್ಲೆಂಡಿನ ಹಿರಿಯ ದೊರೆತನವನ್ನು ತನ್ನದೆನ್ನುವವನದು. ಹೀಗಾಗಿ ಜಾತ್ರೆ ನಡೆಯಿತೋ ಇಲ್ಲವೋ ಎಂಬುದೇ ರಾಜಕೀಯ ಸುದ್ದಿಯಾಗಿತ್ತು. 811ರಲ್ಲಿ ತಾಲಾ ಮಠದ ಸನ್ಯಾಸಿಗಳು ತಮ್ಮ ಮಠದ ಆಶ್ರಯದ ಹಕ್ಕಿಗೆ ಭಂಗ ಬಂತೆಂದು ಸಿಟ್ಟಾಗಿ ಜಾತ್ರೆಯನ್ನೇ ತಡೆದರು. ಒಂದು ಕುದುರೆಯೂ ಒಂದು ರಥವೂ ಬರಲಿಲ್ಲ. ಅರಸ ಏಡ್ ಮಾಕ್ ನೀಲ್ ಅವರನ್ನು ಸಮಾಧಾನಪಡಿಸಬೇಕಾಯಿತು. 873ರಲ್ಲಿ ಜಾತ್ರೆ ನಿಂತಾಗ ಅಲ್‌ಸ್ಟರ್ ವಾರ್ಷಿಕ ದಾಖಲೆಯ ಲೇಖಕ ತನ್ನ ಅಸಮಾಧಾನವನ್ನು ಮುಚ್ಚಿಡಲಿಲ್ಲ. ತಕ್ಕ ಕಾರಣವಿಲ್ಲದೆ ನಿಲ್ಲಿಸಿದರು, ಹಿಂದಿನ ಕಾಲದಲ್ಲಿ ಹೀಗಾದದ್ದನ್ನು ನಾವು ಕೇಳಿಲ್ಲ ಎಂದು ಬರೆದ.

1007ರ ದಾಖಲೆ ನನಗೆ ತುಂಬ ಪ್ರಿಯವಾದದ್ದು. ಕೊಲಂಬಾ ಸಂತನ ಮಹಾ ಸುವಾರ್ತಾ ಗ್ರಂಥ, ಅಂದರೆ ಇಂದು ನಾವು ಕೆಲ್ಸ್ ಗ್ರಂಥ ಎಂದು ಗುರುತಿಸುವ ಆ ಚಿತ್ರಾಲಂಕೃತ ಹಸ್ತಪ್ರತಿಯ ಅದ್ಭುತ, ರಾತ್ರೋರಾತ್ರಿ ಕಳವಾಗಿ, ಎರಡು ತಿಂಗಳು ಇಪ್ಪತ್ತು ರಾತ್ರಿಗಳ ಬಳಿಕ ಚಿನ್ನದ ಹೊದಿಕೆ ಕಿತ್ತುಹೋಗಿ ಮಣ್ಣುಹೆಂಟೆಯಡಿ ಸಿಕ್ಕಿತು ಎಂಬ ಸುದ್ದಿಯಿದೆ. ಮೇಲ್ ಸೆಖ್ನಲ್ ಅರಸ ಟಾಲ್ಟಿಯು ಜಾತ್ರೆಯನ್ನು ಮತ್ತೆ ಆರಂಭಿಸಿದ ಎಂಬ ಸುದ್ದಿಯೂ ಅದೇ ವರ್ಷದ್ದು. ಕೆಲ್ಸ್‌ಗೂ ಟೆಲ್‌ಟೌನಿಗೂ ನಡುವೆ ಕೆಲವೇ ಕಿಲೋಮೀಟರ್ ದೂರ. ಕೂವಾನ್ ಕವಿ ತನ್ನ ಪದ್ಯವನ್ನು ಬರೆದದ್ದು ಈ ಪುನರಾರಂಭದ ಸಂದರ್ಭಕ್ಕೆ ಎನ್ನುತ್ತಾರೆ ವಿದ್ವಾಂಸರು. ಜಾತ್ರೆಯಲ್ಲಿ ಗಾಯವಿಲ್ಲ, ಕಳವಿಲ್ಲ, ದಾವೆಯಿಲ್ಲ, ಬಂಧನವಿಲ್ಲ, ಒಳಬರುವವರಿಗೂ ಹೊರಹೋಗುವವರಿಗೂ ಅಭಯ ಎಂದು ಪದ್ಯ ಸಾರುವುದನ್ನು ಆ ಕಾಲದ ಅರಸರ ಕಿವಿಗೆ ಬೀಳಲೆಂದು ಹೇಳಿದ್ದಾಗಿಯೇ ಓದಬೇಕು.

1168ರಲ್ಲಿ ಹಿರಿಯ ದೊರೆ ರೂರಿ ಓ ಕಾನರ್ ನಡೆಸಿದ ಜಾತ್ರೆಯಲ್ಲಿ ಕುದುರೆಗಳೂ ಸವಾರರೂ ಒಂದು ಗುಡ್ಡದಿಂದ ಇನ್ನೊಂದು ಗುಡ್ಡದವರೆಗೆ ಮೈಲುಗಟ್ಟಲೆ ಹರಡಿದ್ದರಂತೆ. ಮರುವರ್ಷವೇ ನಾರ್ಮನ್ನರು ಬಂದಿಳಿದರು. ಅರಸರ ಜಾತ್ರೆಗೆ ಅದೇ ಕೊನೆಯಾಯಿತು.

ಜನರ ನೆನಪು ಮಾತ್ರ ಮುಂದುವರಿಯಿತು. 1836ರಲ್ಲಿ ಭೂಮಾಪನ ಇಲಾಖೆಗಾಗಿ ಮೀದ್‌ನಲ್ಲಿ ಅಲೆದಾಡಿದ ಜಾನ್ ಓ'ಡೊನೊವನ್ ಅಲ್ಲಿನವರಿಂದ ಒಂದು ಐತಿಹ್ಯವನ್ನು ಕೇಳಿ ಬರೆದುಕೊಂಡರು. ಎತ್ತರದ ಗೋಡೆಯೊಂದರ ಒಂದು ಬದಿಗೆ ಗಂಡುಗಳು, ಇನ್ನೊಂದು ಬದಿಗೆ ಹೆಣ್ಣುಗಳು. ಬಾಗಿಲಿನ ತೂತಿನಲ್ಲಿ ಹೆಣ್ಣು ಕೈ ತೂರಿಸಬೇಕು. ಕೈಯನ್ನಷ್ಟೇ ನೋಡಿ ಗಂಡು ಹಿಡಿದರೆ ಇಬ್ಬರೂ ಒಂದು ವರ್ಷ ಒಂದು ದಿನ ಕೂಡಿ ಬಾಳಬೇಕು. ಹೊಂದಿಕೆಯಾಗದಿದ್ದರೆ ಮತ್ತೆ ಟೆಲ್‌ಟೌನಿಗೆ ಬಂದು ಬೇರೆಯಾಗಬಹುದು, ಮುಂದಿನ ವರ್ಷಕ್ಕೆ ಪುನಃ ಅದೃಷ್ಟ ನೋಡಬಹುದು. ಟೆಲ್‌ಟೌನ್ ಮದುವೆ ಎಂದರೆ ಈಗಲೂ ಐರ್ಲೆಂಡಿನಲ್ಲಿ ಗೊತ್ತು. ಟಾಲ್ಟಿಯು ಯಾರು ಎಂದರೆ ಅಷ್ಟು ಜನಕ್ಕೆ ಗೊತ್ತಿಲ್ಲ. 1942ರಲ್ಲಿ ಐರಿಶ್ ಜಾನಪದ ಆಯೋಗ ಸುಗ್ಗಿಯ ಆರಂಭದ ಭಾನುವಾರದ ಆಚರಣೆಗಳ ಬಗ್ಗೆ ಊರೂರಿಗೆ ಪ್ರಶ್ನಾವಳಿ ಕಳುಹಿಸಿತು. ಬಂದ ಉತ್ತರಗಳನ್ನು ಆಧರಿಸಿ ಮಾಯ್ರೆ ಮಾಕ್‌ನೀಲ್ 1962ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ ಬೆಟ್ಟ ಹತ್ತುವುದು, ಕಾಡುಹಣ್ಣು ಆರಿಸುವುದು, ಹೊಸ ಫಸಲಿನ ಮೊದಲ ಊಟ ಎಲ್ಲವೂ ಹಳೆಯ ಲೂನಸಾ ಹಬ್ಬದ ಅವಶೇಷಗಳೆಂದು ಕಾಣಿಸಿಕೊಂಡವು.

ಸ್ವತಂತ್ರ ಐರ್ಲೆಂಡ್ ಮಾಡಿದ ಮೊದಲ ದೊಡ್ಡ ಕೆಲಸಗಳಲ್ಲಿ ಒಂದು ಈ ಆಟಗಳ ಪುನರುಜ್ಜೀವನ. 1922ಕ್ಕೆ ಯೋಜಿಸಿದ್ದು, ಅಂತರ್ಯುದ್ಧದಿಂದ ಮುಂದಕ್ಕೆ ಹೋಗಿ, 1924ರ ಆಗಸ್ಟಿನಲ್ಲಿ ಡಬ್ಲಿನ್‌ನ ಕ್ರೋಕ್ ಪಾರ್ಕ್‌ನಲ್ಲಿ ಉದ್ಘಾಟನೆಯಾಯಿತು. ಪ್ಯಾರಿಸ್ ಒಲಿಂಪಿಕ್ಸ್ ಆಗಷ್ಟೇ ಮುಗಿದಿತ್ತು. ಹರ್ಲಿಂಗ್, ಓಟ, ದೋಣಿ, ವಿಮಾನ, ಚದುರಂಗ, ಕವಿತೆ ಎಲ್ಲಕ್ಕೂ ಸ್ಪರ್ಧೆ. ಈಜುಸ್ಪರ್ಧೆ ಮೃಗಾಲಯದ ಕೊಳದಲ್ಲಿ. ಅತಿಥಿಗಳಲ್ಲಿ ನವಾನಗರದ ಜಾಮ್‌ಸಾಹೇಬ್, ಅಂದರೆ ನಮ್ಮ ಕ್ರಿಕೆಟ್ಟಿನ ರಣಜಿತ್‌ಸಿಂಹಜಿ ಇದ್ದರು. ಅವರು ಅದೇ ವರ್ಷ ಕಾನೆಮಾರಾದಲ್ಲಿ ಬಾಲಿನಹಿಂಚ್ ಕೋಟೆಮನೆಯನ್ನು ಕೊಂಡಿದ್ದರು. 1928, 1932ರಲ್ಲೂ ನಡೆದು ಆಟಗಳು ನಿಂತವು. ಪದಕದ ಮೇಲೆ ರಾಣಿ ಟಾಲ್ಟೆಯ, ಅಂದರೆ ನಮ್ಮ ಟಾಲ್ಟಿಯುವಿನ, ಮುಖವಿತ್ತು. ರಾಣಿಯನ್ನು ಗೌರವಿಸಿದರು, ಒಪ್ಪುತ್ತೇನೆ. ಆದರೆ ಕೊಡಲಿ ಹಿಡಿದ ಕೈ, ಇದ್ದಿಲುಗಪ್ಪಿನ ಮುಖ, ಒಡೆದ ಎದೆ ಆ ಪದಕಕ್ಕೆ ಬರಲಿಲ್ಲ. ಹೊಸ ರಾಷ್ಟ್ರಕ್ಕೆ ಒಲಿಂಪಿಕ್ಸಿಗಿಂತ ಹಳೆಯದೆಂದು ಹೇಳಿಕೊಳ್ಳಬಹುದಾದ ಆಟಗಳು ಬೇಕಿದ್ದವು, ದುಡಿದು ಸತ್ತ ಸೆರೆಯಾಳು ಬೇಕಿರಲಿಲ್ಲ. ಅದೇ 1924ರಲ್ಲಿ ಎಡ್ವರ್ಡ್ ಗ್ವಿನ್ ಅವರ ಸ್ಥಳಪುರಾಣ ಪದ್ಯಗಳ ನಾಲ್ಕನೆಯ ಸಂಪುಟ ಡಬ್ಲಿನ್‌ನಲ್ಲೇ ಹೊರಬಂತು. ಟಾಲ್ಟಿಯು ಪದ್ಯ ಅದರಲ್ಲಿದೆ. ಈಗ 2022ರಿಂದ ಗೇಲಿಕ್ ಫುಟ್‌ಬಾಲಿನಲ್ಲಿ ಟಾಲ್ಟನ್ ಕಪ್ ನಡೆಯುತ್ತಿದೆ.

ಉಪನ್ಯಾಸದ ಬಳಿಕ ಬಂದ ಮೂರು ಪ್ರಶ್ನೆಗಳಿಗೆ ಅಲ್ಲಿ ಚುಟುಕಾಗಿ ಉತ್ತರಿಸಿದ್ದೆ, ಇಲ್ಲಿ ತುಸು ಬಿಡಿಸಿ ಬರೆಯುತ್ತೇನೆ.

ಒಂದು, ಅವಳು ನಿಜಕ್ಕೂ ದೇವತೆಯೇ? ನಾನು ಇಲ್ಲಿ ಆಧರಿಸಿರುವ ಬರಹಗಳು ಅವಳನ್ನು ದೇವತೆ ಎನ್ನುವುದಿಲ್ಲ, ರಾಣಿ ಎನ್ನುತ್ತವೆ. ಅವನ್ನು ಬರೆದವರು ಕ್ರೈಸ್ತರು. ಹಳೆಯ ದೇವರುಗಳನ್ನು ಹಿಂದಿನ ಕಾಲದ ಮನುಷ್ಯರೆಂದು ನಿರೂಪಿಸುವುದು ಅವರ ಪದ್ಧತಿ. ಅವಳ ಸಮಾಧಿಯ ಬಳಿ ಸುಗ್ಗಿಯ ಆರಂಭದಲ್ಲಿ ನಾಡು ಸೇರುವುದು, ಆ ಜಾತ್ರೆಯಿಂದಾಗಿ ಮನೆಮನೆಗೂ ಧಾನ್ಯ, ಹಾಲು, ಒಳ್ಳೆಯ ಹವೆ ದೊರೆಯುತ್ತದೆಂದು ಪದ್ಯ ನಂಬುವುದು, ಇವುಗಳಿಂದಾಗಿ ವಿದ್ವಾಂಸರು ಅವಳಲ್ಲಿ ಭೂದೇವತೆಯನ್ನು ಕಾಣುತ್ತಾರೆ. ನಾನೂ ಹಾಗೆಯೇ ಕಾಣುತ್ತೇನೆ.

ಎರಡು, ಡಾನುವಿಗೂ ಋಗ್ವೇದದ ದಾನುವಿಗೂ ನಂಟಿಲ್ಲವೇ? ಋಗ್ವೇದದ ಮೊದಲ ಮಂಡಲದ 32ನೆಯ ಸೂಕ್ತದಲ್ಲಿ ಇಂದ್ರನಿಂದ ಹತಳಾದ ವೃತ್ರನ ತಾಯಿ ದಾನು, ಕರುವಿನೊಡನೆ ಮಲಗಿದ ಹಸುವಿನಂತೆ ಮಗನ ಮೇಲೆ ಬಿದ್ದಿದ್ದಾಳೆ. ಹೆಸರುಗಳ ಸಂಬಂಧವನ್ನು ಭಾಷಾಶಾಸ್ತ್ರಜ್ಞರು ಚರ್ಚಿಸಿದ್ದಾರೆ, ನದಿಯ ಹೆಸರುಗಳನ್ನೂ ಜೊತೆಗೆ ತಂದಿದ್ದಾರೆ. ಆದರೆ ಐರಿಶ್ ಬರಹಗಳಲ್ಲಿ ಡಾನುವಿನ ಕಥೆಯೆಂದು ಹೇಳುವಂಥದ್ದು ಇಲ್ಲವೆನ್ನುವಷ್ಟು ಕಡಿಮೆ. ಹೆಸರಿನ ಹೋಲಿಕೆಯೊಂದನ್ನೇ ಹಿಡಿದು ಇಲ್ಲಿಂದ ಅಲ್ಲಿಗೆ ಸೇತುವೆ ಕಟ್ಟುವ ಉತ್ಸಾಹ ನಮ್ಮಲ್ಲಿ ಜಾಸ್ತಿ. ಅಷ್ಟರಲ್ಲಿ ಪೂರ್ಣ ಕಥೆಯೇ ಇರುವ ಟಾಲ್ಟಿಯು ಪಕ್ಕಕ್ಕೆ ಉಳಿಯುತ್ತಾಳೆ ಎಂಬುದು ನನ್ನ ತಕರಾರು.

ಮೂರು, ಡಬ್ಲಿನ್‌ನಲ್ಲಿ ಕೆಲಸಕ್ಕಿರುವ ಮಗಳನ್ನು ನೋಡಲು ಹೋಗಲಿರುವ ಒಬ್ಬರು ಕೇಳಿದ್ದು: ಅಲ್ಲಿಗೆ ಹೋದರೆ ಏನು ನೋಡಬಹುದು? ಭವ್ಯವಾದದ್ದೇನೂ ಇಲ್ಲ. ರಾತ್ ದೂ ಎಂಬ ದೊಡ್ಡ ದುಂಡನೆಯ ಮಣ್ಣುದಿಬ್ಬವಿದೆ, ಸುತ್ತ ಹುಲ್ಲುಗಾವಲು. ನಾಕಾನ್ಸ್ ಎಂಬ ಉದ್ದನೆಯ ಮಣ್ಣೇರಿಗಳಿದ್ದವು. 1997ರಲ್ಲಿ ಅವುಗಳ ಒಂದು ಭಾಗವನ್ನು ಬುಲ್ಡೋಜರ್ ಹರಿಸಿ ಸಮ ಮಾಡಲಾಯಿತು. ಸಾವಿರ ವರ್ಷ ದಾಟಿ ಬಂದದ್ದು ಹಾಗೆ ಹೋಯಿತೆಂದು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಸುತ್ತಮುತ್ತ ರೈತರ ಹೊಲಗಳಿವೆ, ಕೇಳಿಕೊಂಡೇ ಒಳಗೆ ಹೋಗಬೇಕು. ಆಗಸ್ಟ್ ಆರಂಭದಲ್ಲಿ ಹೋಗುವುದು ಒಳ್ಳೆಯದು. ಹೋಗುವ ಮೊದಲು ಕೂವಾನ್ ಕವಿಯ ಪದ್ಯವನ್ನು, ಜಿಂಕೆಗಳ ದಿಬ್ಬದಿಂದ ಹಿಡಿದು ಅವಳ ಕೊನೆಯ ಮಾತಿನವರೆಗಾದರೂ, ಓದಿಕೊಂಡು ಹೋಗಿ. ಗ್ವಿನ್ ಅವರ ಇಂಗ್ಲಿಷ್ ಅನುವಾದ ಸುಲಭವಾಗಿ ಸಿಗುತ್ತದೆ.